ಕಲ್ಲವ್ವ ಅಲ್ಲ, ಕಾಳವ್ವ: ಗದಗಿನ ಒಂದು ಅಕ್ಷರ ವ್ಯಾಪಾರ ನೆಲೆ ನಿಂತ ಬಗೆ

2023ರ ಮೇ ತಿಂಗಳು, ಲಗ್ನದ ಸುಗ್ಗಿ. ರೋಣ ಕಡೆಯ ಹಿರಿಯರೊಬ್ಬರು ನಮ್ಮ ಪ್ರೆಸ್ಸಿಗೆ ಬಂದು ಲಗ್ನಪತ್ರಿಕೆಯ ಕಟ್ಟನ್ನು ಕೌಂಟರ್ ಮೇಲೆ ಇಟ್ಟರು. ಒಂದು ಕಾರ್ಡು ತೆಗೆದು ಮುಖಪುಟದ ಮೇಲಿನ ಹೆಸರಿಗೆ ಬೆರಳು ಹಚ್ಚಿ ತೋರಿಸಿದರು.

"ನಮ್ಮವ್ವ ಕಾಳವ್ವ ರೀ. ನೀವು ಕಲ್ಲವ್ವ ಅಂತ ಬರದೀರಿ."

ಅವರು ಜಗಳ ಮಾಡಲಿಲ್ಲ. ಮಾಡಿದ್ದರೆ ನಮಗೆ ಇಷ್ಟು ನೋವಾಗುತ್ತಿರಲಿಲ್ಲ. ಆ ತಾಯಿ ಹಿಂದಿನ ವರ್ಷ ತೀರಿಕೊಂಡಿದ್ದರು. ಅಜ್ಜಿಯ ಹೆಸರು ಮುಖಪುಟದಲ್ಲಿ ಕೈಬರಹದಲ್ಲೇ ಬರಬೇಕು ಅಂತ ಮದುಮಗನೇ ಆಸೆಪಟ್ಟು ಹೇಳಿದ್ದ. ಕಾರ್ಡು 300, ಒಂದಕ್ಕೆ 14 ರೂಪಾಯಿ. ಅಷ್ಟನ್ನೂ ತಿರುಗಿ ಹೊಡೆಯಬೇಕಾಯಿತು, 4,200 ರೂಪಾಯಿ ನಮ್ಮ ಮೈಮೇಲೆ ಬಂತು.

ಆ ಹೆಸರು ಬರೆದವಳು ನನ್ನ ಅಕ್ಕನ ಮಗಳು. ಹೆಸರು ಹಾಕಬೇಡ ಮಾಮಾ ಅಂದಿದ್ದಾಳೆ, ಹಾಗಾಗಿ ಇಲ್ಲಿ ಹುಡುಗಿ ಅಂತಲೇ ಬರೆಯುತ್ತೇನೆ. ನಾನು ಗದಗಿನ ಒಂದು ಸಣ್ಣ ಪ್ರೆಸ್ಸಿನವನು. ನಮ್ಮ ಊರಿಗೆ ಮುದ್ರಣ ಕಾಶಿ ಅಂತ ಹೆಸರಿದೆ. ಅಚ್ಚಿನ ಮೊಳೆ ಜೋಡಿಸುವ ಕಾಲದಲ್ಲಿ ಕೆಲಸಕ್ಕೆ ಸೇರಿದವನು ನಾನು, ಈಗ ಆಫ್‌ಸೆಟ್ ಮುಂದೆ ನಿಂತಿದ್ದೇನೆ. ಹುಡುಗಿಯ ಅಕ್ಷರ ನಮ್ಮಲ್ಲೇ ಅಚ್ಚಾಗುವುದರಿಂದ ಅವಳ ಲೆಕ್ಕವೂ ನನ್ನ ಕಣ್ಣ ಮುಂದೆಯೇ ಇತ್ತು. ಕ್ಯಾಲಿಗ್ರಫಿ, ಅಂದರೆ ಚೆಂದದ ಅಕ್ಷರ ಬರೆಯುವ ಕಲೆ ಕಲಿತು ಅದರಲ್ಲೇ ಹೊಟ್ಟೆ ಹೊರೆಯಬೇಕು ಅನ್ನುವವರಿಗೆ ಈ ಒಂದು ಪ್ರಕರಣವನ್ನು ಪೂರ್ತಿ ಬಿಚ್ಚಿಟ್ಟರೆ ಉಪಯೋಗವಾದೀತು ಅನಿಸಿತು.

ಇಂಗ್ಲಿಷ್ ಕೈಯಲ್ಲಿ ಕನ್ನಡ

2020ರಲ್ಲಿ ಬಿ.ಕಾಂ. ಮುಗಿಸಿದಳು. ಲಾಕ್‌ಡೌನ್ ಬಂತು, ಮನೆಯಲ್ಲೇ ಉಳಿದಳು. ಮೊದಲು ಎರಡು ಪೆನ್ಸಿಲ್‌ಗೆ ರಬ್ಬರ್ ಬ್ಯಾಂಡ್ ಸುತ್ತಿ ಬರೆಯುತ್ತಿದ್ದಳು. ದಪ್ಪ ಗೆರೆ ಎಲ್ಲಿ ಬರುತ್ತದೆ, ತೆಳು ಗೆರೆ ಎಲ್ಲಿ ಬರುತ್ತದೆ ಅಂತ ತಿಳಿಯಲು ಇದಕ್ಕಿಂತ ಅಗ್ಗದ ದಾರಿ ಇಲ್ಲ. ಆಮೇಲೆ ಪ್ಯಾರಲಲ್ ಪೆನ್ ತರಿಸಿದಳು. ಎರಡು ಚಪ್ಪಟೆ ತಗಡಿನ ನಡುವೆ ಇಂಕು ಹರಿಯುವ ಪೆನ್ ಅದು. 1.5, 2.4, 3.8, 6 ಮಿಲಿಮೀಟರ್ ಅಗಲದಲ್ಲಿ ಸಿಗುತ್ತದೆ. ಇವಳು ತರಿಸಿದ್ದು 3.8.

ಮೊಬೈಲ್ ನೋಡಿ ಕಲಿತದ್ದೆಲ್ಲ ಇಂಗ್ಲಿಷ್ ಅಕ್ಷರ. ನಿಬ್ಬನ್ನು ಸುಮಾರು 45 ಡಿಗ್ರಿ ಓರೆ ಹಿಡಿ, ಅಕ್ಷರದ ಎತ್ತರ ನಿಬ್ಬಿನ ಅಗಲದ ಐದು ಪಟ್ಟು ಇರಲಿ ಅಂತ ಅಲ್ಲಿ ಹೇಳಿಕೊಡುತ್ತಾರೆ. ನಾಲ್ಕೈದು ತಿಂಗಳಲ್ಲಿ ಇಂಗ್ಲಿಷ್ ಚೆಂದ ಬಂತು. ಅದೇ ಕೈಯಲ್ಲಿ ಕನ್ನಡಕ್ಕೆ ಇಳಿದಾಗ ಕೆಲಸ ಕೆಟ್ಟಿತು. 'ಗದಗ' ಅಂತ ಬರೆದರೆ ಚೆಂದ. 'ಲಕ್ಷ್ಮೀ' ಅಂತ ಬರೆದರೆ ಕೆಳಗೆ ಮಸಿಯ ಉಂಡೆ. ಅಲ್ಲಿ ಕ ಕೆಳಗೆ ಷ ಒತ್ತು, ಅದರ ಜೊತೆಗೆ ಮ ಒತ್ತು. ಅಷ್ಟು ಸಣ್ಣ ಜಾಗದಲ್ಲಿ ಅಷ್ಟು ದಪ್ಪ ನಿಬ್ಬು ತಿರುಗುವುದಾದರೂ ಹೇಗೆ?

ಕನ್ನಡ ಕ್ಯಾಲಿಗ್ರಫಿ ಕಲಿಯುವವರು ಬಹಳ ಜನ ಇಲ್ಲೇ ಕೈಬಿಡುತ್ತಾರೆ. ಇಲ್ಲವೇ ಒತ್ತಕ್ಷರ ಇಲ್ಲದ ಪದಗಳನ್ನೇ ಆರಿಸಿ ಬರೆಯುತ್ತಾರೆ. ಅಮ್ಮ, ಅಪ್ಪ, ಅಣ್ಣ, ಅಕ್ಕ, ಎಲ್ಲದರಲ್ಲೂ ಒತ್ತಿರುವ ಭಾಷೆಯಲ್ಲಿ ಒತ್ತು ಬಿಟ್ಟು ಎಷ್ಟು ದಿನ ಬರೆಯುತ್ತೀರಿ?

ಬೆಟಗೇರಿಯಲ್ಲಿ ಬೋರ್ಡ್ ಬರೆಯುತ್ತಿದ್ದ ಹಳೆಯ ಪೇಂಟರ್ ಒಬ್ಬರಿದ್ದಾರೆ. ನಾವೆಲ್ಲ ಪೇಂಟರ್ ಕಾಕಾ ಅಂತ ಕರೆಯುತ್ತೇವೆ. ಫ್ಲೆಕ್ಸ್ ಬಂದ ಮೇಲೆ ಅವರ ಬ್ರಷ್ಷಿಗೆ ಕೆಲಸ ಕಡಿಮೆ ಆಯಿತು. 2021ರಲ್ಲಿ ಹುಡುಗಿಯನ್ನು ಅವರ ಹತ್ತಿರ ಕರೆದುಕೊಂಡು ಹೋದೆ. ಅವರು ಪೆನ್ ಕಡೆ ನೋಡಲೇ ಇಲ್ಲ. ಮೂರು ಅಡಿಯ ತಗಡು ಗೋಡೆಗೆ ಆನಿಸಿದರು. ನೂಲಿಗೆ ಚಾಕ್ ಪುಡಿ ಹಚ್ಚಿ, ಎರಡೂ ತುದಿ ಬಿಗಿ ಹಿಡಿಸಿ, ನಡುವೆ ಜಗ್ಗಿ ಬಿಟ್ಟರು. ಟಪ್ ಅಂತ ಬಿಳಿ ಗೆರೆ ಮೂಡಿತು. ಹಾಗೆ ಎರಡು ಗೆರೆ ಹೊಡೆದು, ಕೆಳಗೆ ಮೂರನೆಯದೂ ಹೊಡೆದರು.

"ಶ್ರೀ ಮಲ್ಲಿಕಾರ್ಜುನ ಕಿರಾಣಿ ಅಂಗಡಿ ಅಂತ ಬರೀಬೇಕು. ಎಲ್ಲಿಂದ ಶುರು ಮಾಡ್ತಿ?"

"ಶ್ರೀಯಿಂದ, ಕಾಕಾ."

"ಅಲ್ಲವಾ. ಮೊದ್ಲ ಕೆಳಗ ನೋಡು. ಒತ್ತು ಎಲ್ಲೆಲ್ಲಿ ಬೀಳ್ತಾವ, ಅಲ್ಲಿ ಗುರ್ತ ಹಾಕು. ಆಮ್ಯಾಲ ಮ್ಯಾಲಿನ ಅಕ್ಷರ."

ಶ್ರೀ ಕೆಳಗೆ ಒಂದು ಚುಕ್ಕೆ ಇಟ್ಟರು, ಲ್ಲಿ ಕೆಳಗೆ ಇನ್ನೊಂದು. ರ್ಜು ಬಂದಾಗ ಮಾತ್ರ ಚುಕ್ಕೆಯನ್ನು ಕೆಳಗೆ ಇಡದೆ ಬಲಕ್ಕೆ ಇಟ್ಟರು. ಅರ್ಕಾವತ್ತು ಅಲ್ವಾ, ಅದು ಕೆಳಗೆ ಕೂರುವುದಿಲ್ಲ. ಜು ಅಕ್ಷರದ ಕೊಂಬು ಬಲಕ್ಕೆ ಬರುತ್ತದೆ, ಅದರ ಹಿಂದೆಯೇ ಅರ್ಕಾವತ್ತು ನಿಲ್ಲಬೇಕು. ಎರಡಕ್ಕೂ ಜಾಗ ಮೊದಲೇ ಬಿಡದಿದ್ದರೆ ನ ಅಕ್ಷರ ಇಕ್ಕಟ್ಟಾಗುತ್ತದೆ, ಬೋರ್ಡ್ ಸೊಟ್ಟ ಕಾಣುತ್ತದೆ. ಇಷ್ಟು ವರ್ಷ ಪ್ರೆಸ್ಸಿನಲ್ಲಿ ಅಕ್ಷರದ ನಡುವೆಯೇ ಬದುಕಿದ ನನಗೂ ಇದನ್ನು ಯಾರೂ ಹೀಗೆ ತೋರಿಸಿರಲಿಲ್ಲ.

ಆ ದಿನ ಮನೆಗೆ ಬಂದು ಹುಡುಗಿ ನೋಟ್‌ಬುಕ್ಕಿನಲ್ಲಿ 34 ವ್ಯಂಜನಗಳ 34 ಒತ್ತು ಬರೆದಳು. ಹೆಚ್ಚಿನವು ಸುಲಭ. ಮೂಲ ಅಕ್ಷರದ ತಲೆಕಟ್ಟು ತೆಗೆದು ಸಣ್ಣದು ಮಾಡಿದರೆ ಆಯಿತು. ತ, ನ, ಮ, ಯ, ರ, ಲ ಈ ಆರರದ್ದು ಬೇರೆ ಗೋತ್ರ. ಇವುಗಳ ಒತ್ತಿಗೂ ಮೂಲ ಅಕ್ಷರಕ್ಕೂ ಹೋಲಿಕೆಯೇ ಇಲ್ಲ. ನಮ್ಮ ಮಾತಿನಲ್ಲಿ ಜಾಸ್ತಿ ಬರುವುದೂ ಇವೇ. ಆರು ವಾರ ಈ ಆರು ಒತ್ತುಗಳನ್ನೇ ಬರೆದಳು.

ಅವಳು ಕಂಡುಕೊಂಡ ಇನ್ನೊಂದು ದಾರಿ ನನಗೆ ಬಹಳ ಹಿಡಿಸಿತು. ಮೇಲಿನ ಅಕ್ಷರ 3.8ರ ನಿಬ್ಬಿನಲ್ಲಿ, ಐದು ಪಟ್ಟು ಅಂದರೆ 19 ಮಿಲಿಮೀಟರ್ ಎತ್ತರ. ಒತ್ತು ಮಾತ್ರ 2.4ರ ನಿಬ್ಬಿನಲ್ಲಿ, ಅದರ ಐದು ಪಟ್ಟು ಅಂದರೆ 12 ಮಿಲಿಮೀಟರ್. ಎರಡರ ಅಳತೆ ಬೇರೆ, ದಪ್ಪ-ತೆಳುವಿನ ಲೆಕ್ಕ ಒಂದೇ. ಮಸಿ ಉಂಡೆ ಕಟ್ಟುವುದು ನಿಂತಿತು. ನಿಬ್ಬನ್ನೂ 45ಕ್ಕಿಂತ ಸ್ವಲ್ಪ ಹೆಚ್ಚು ಕಡಿದಾಗಿ ಹಿಡಿದಳು. ಹಾಗೆ ಹಿಡಿದರೆ ಅಡ್ಡ ಗೆರೆ ದಪ್ಪ ಬರುತ್ತದೆ, ತಲೆಕಟ್ಟು ಗಟ್ಟಿಯಾಗಿ ನಿಲ್ಲುತ್ತದೆ. ಇದೇ ಸರಿ ಅಂತ ನಾನು ಹೇಳುವುದಿಲ್ಲ. ಅವಳ ಕೈಗೆ ಅದು ಒಗ್ಗಿತು ಅಷ್ಟೇ.

ಲಕ್ಕುಂಡಿ ನಮಗೆ ಹತ್ತು-ಹನ್ನೆರಡು ಕಿಲೋಮೀಟರ್. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ ಅಲ್ಲಿದೆ. ಭಾನುವಾರ ಬಸ್ ಹತ್ತಿ ಹೋಗಿ ಅಲ್ಲಿನ ಶಾಸನಗಳ ಫೋಟೋ ತೆಗೆದುಕೊಂಡು ಬರುತ್ತಿದ್ದಳು, ಮನೆಯಲ್ಲಿ ಟ್ರೇಸಿಂಗ್ ಪೇಪರ್ ಹಾಕಿ ತಿದ್ದುತ್ತಿದ್ದಳು. ಪದ ಪದದ ನಡುವೆ ಬಿಡುವಿಲ್ಲದ ಆ ಸಾಲುಗಳನ್ನು ತಿದ್ದಿ ತಿದ್ದಿ ಅವಳ ಕೈಗೆ ಒಂದು ಓಟ ಬಂತು. ಅದಕ್ಕೆ ದುಡ್ಡು ಖರ್ಚಾಗಿದ್ದು ಬಸ್ಸಿಗೆ ಮಾತ್ರ.

ಫ್ರೇಮ್ ಮಾರಿದ ವರ್ಷ

2022ರಲ್ಲಿ ವ್ಯಾಪಾರ ಶುರು. ಎಲ್ಲರ ಹಾಗೆ ಫ್ರೇಮ್‌ನಿಂದಲೇ. ವಚನ ಬರೆದು ಗಾಜು ಹಾಕಿಸಿ 450 ರೂಪಾಯಿಗೆ ಕೊಡುತ್ತಿದ್ದಳು. ಫ್ರೇಮ್ ಮತ್ತು ಗಾಜಿಗೆ 210, ಕಾಗದಕ್ಕೆ 30, ಉಳಿಯುವುದು 210. ಒಂದಕ್ಕೆ ನಾಲ್ಕು ತಾಸಿನ ಕೆಲಸ. ಹತ್ತು ತಿಂಗಳಲ್ಲಿ 31 ಫ್ರೇಮ್ ಹೋದವು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಕೊಂಡವರು ನಮ್ಮ ಬೀಗರು, ನೆಂಟರು. ನೆಂಟರು ಮುಗಿದ ಮೇಲೆ ವ್ಯಾಪಾರವೂ ಮುಗಿಯುತ್ತದೆ, ಇದನ್ನು ಯಾರಾದರೂ ಮೊದಲೇ ಹೇಳಬೇಕಿತ್ತು. ನಾನೇ ಹೇಳಬೇಕಿತ್ತು.

ಎರಡು ಪಾಠ ಮಾತ್ರ ಆ ವರ್ಷ ಗಟ್ಟಿಯಾಗಿ ಸಿಕ್ಕವು. ಒಂದು, ಇಂಕು. ಹುಬ್ಬಳ್ಳಿಯ ವಿದ್ಯಾನಗರದ ಒಬ್ಬರು ಫ್ರೇಮನ್ನು ಕಿಟಕಿಯ ಎದುರು ಹಾಕಿದ್ದರು. ಒಂದು ಬೇಸಿಗೆಗೆ ಕೆಂಪು ಅಕ್ಷರ ತಿಳಿ ಗುಲಾಬಿ ಆಗಿತ್ತು. ಅದು ಡೈ ಇಂಕು, ಅಂದರೆ ಬಣ್ಣ ಕರಗಿರುವ ಇಂಕು, ಬಿಸಿಲಿಗೆ ನಿಲ್ಲುವುದಿಲ್ಲ. ಗೋಡೆಗೆ ಹಾಕುವುದನ್ನು ಪಿಗ್ಮೆಂಟ್ ಇಂಕಿನಲ್ಲೇ, ಅಂದರೆ ಬಣ್ಣದ ಪುಡಿ ಕರಗದೆ ಬೆರೆತಿರುವ ಇಂಕಿನಲ್ಲೇ ಬರೆಯಬೇಕು. ಆ ಇಂಕನ್ನು ಪ್ಯಾರಲಲ್ ಪೆನ್ನಿಗೆ ಹಾಕಿದರೆ ಒಳಗೇ ಒಣಗಿ ಕಟ್ಟಿಕೊಳ್ಳುತ್ತದೆ. ಹಾಗಾಗಿ ಫ್ರೇಮ್ ಕೆಲಸಕ್ಕೆ ನಮ್ಮ ಅಜ್ಜನ ಕಾಲದ ಹಾಗೆ ಟಾಕು-ದೌತಿಗೇ ಮರಳಿದಳು, ಅದ್ದಿ ಅದ್ದಿ ಬರೆಯುವುದು.

ಇನ್ನೊಂದು, ಹಕ್ಕು. ಧಾರವಾಡದ ಗಿರಾಕಿಯೊಬ್ಬರು ಬೇಂದ್ರೆಯವರ ಸಾಲು ಬರೆದು ಹತ್ತು ಫ್ರೇಮ್ ಮಾಡಿಕೊಡಲು ಹೇಳಿದರು. ಧಾರವಾಡದಲ್ಲಿ ಬೇಂದ್ರೆ ಅಜ್ಜನ ಸಾಲು ಕೇಳದೆ ಇರುತ್ತಾರೆಯೇ? ಬೇಡ ಅಂತ ನಾನೇ ತಡೆದೆ. ಕವಿ ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ. ಬೇಂದ್ರೆಯವರು ತೀರಿಕೊಂಡಿದ್ದು 1981ರಲ್ಲಿ, ಅಂದರೆ 2041 ಮುಗಿಯುವ ತನಕ ಹಕ್ಕುದಾರರ ಒಪ್ಪಿಗೆ ಇಲ್ಲದೆ ಮಾರಲು ಬರುವುದಿಲ್ಲ. ಹನ್ನೆರಡನೆಯ ಶತಮಾನದ ವಚನ, ಸರ್ವಜ್ಞ, 1889ರಲ್ಲಿ ತೀರಿಕೊಂಡ ಶಿಶುನಾಳ ಶರೀಫರು, ಇವರ ಸಾಲುಗಳಿಗೆ ಆ ತೊಡಕಿಲ್ಲ. ಈಗ ಬಂದ ಗಿರಾಕಿಗೆ ಮೊದಲು ತೋರಿಸುವುದು ಈ ಪಟ್ಟಿ.

ವಹಿ ಬಿಚ್ಚಿದ ರಾತ್ರಿ

ಫ್ರೇಮ್ ಕೈಕೊಟ್ಟಾಗ ಲಗ್ನಪತ್ರಿಕೆ ಕೈಹಿಡಿಯಿತು. ಪ್ರೆಸ್ಸಿಗೆ ಬರುವವರಿಗೆ ಮದುಮಕ್ಕಳ ಹೆಸರು ಕೈಬರಹದ್ದು ತೋರಿಸಿದೆ. ಇಷ್ಟಪಟ್ಟರು. 500 ರೂಪಾಯಿ ಅಂತ ಬಾಯಿಗೆ ಬಂದ ರೇಟು ಹೇಳಿದ್ದೂ ನಾನೇ. 2023ರ ಆ ತಿಂಗಳು 11 ಆರ್ಡರ್ ಬಂದವು. ಮನೆಯಲ್ಲಿ ಎಲ್ಲರಿಗೂ ಖುಷಿ.

ಕಾಳವ್ವನ ಹೆಸರು ತಪ್ಪಿದ ದಿನ ರಾತ್ರಿ ಊಟ ಆದ ಮೇಲೆ ಹುಡುಗಿಯನ್ನು ಕೂರಿಸಿಕೊಂಡು ವಹಿ ಬಿಚ್ಚಿದೆ. ಅಳುತ್ತಿದ್ದಳು. ಅವಳ ಮೊಬೈಲ್‌ನಲ್ಲಿದ್ದ ವಾಟ್ಸಾಪ್ ಮೆಸೇಜನ್ನು ಒಂದೊಂದಾಗಿ ನೋಡುತ್ತ ಹೋದೆವು. ತಪ್ಪು ಎಲ್ಲಾಯಿತು ಅಂತ ಅಲ್ಲೇ ಸಿಕ್ಕಿತು. ಮದುಮಗ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಕಳಿಸಿದ್ದ. ಅದನ್ನು ಕಾಳವ್ವ ಅಂತ ಓದಬಹುದು, ಕಲ್ಲವ್ವ ಅಂತಲೂ ಓದಬಹುದು, ಕಲಾವ್ವ ಅಂದರೂ ಆದೀತು. ನಮ್ಮ ಕಡೆ ಕಲ್ಲವ್ವ ಅನ್ನುವ ಹೆಸರು ಮನೆ ಮನೆಗೂ ಇದೆ, ಇವಳು ಹಾಗೆ ಓದಿಕೊಂಡಳು. ಪ್ರೂಫ್ ಕಳಿಸಿದ್ದಳು. ಅವನು ಹೆಬ್ಬೆರಳು ಒತ್ತಿ ಕಳಿಸಿದ್ದ. ಮದುವೆ ಗಡಿಬಿಡಿಯಲ್ಲಿದ್ದ ಹುಡುಗ, ತನ್ನ ಹೆಸರು ನೋಡಿಕೊಂಡಿದ್ದಾನೆ, ಅಜ್ಜಿಯದ್ದು ನೋಡಿಲ್ಲ.

ಅದನ್ನು ನೋಡುವಾಗಲೇ ಇನ್ನೊಂದು ಕಣ್ಣಿಗೆ ಬಿತ್ತು. ಒಬ್ಬೊಬ್ಬ ಗಿರಾಕಿಯ ಜೊತೆ ನಲವತ್ತು, ಐವತ್ತು ಮೆಸೇಜು. ಸ್ವಲ್ಪ ದೊಡ್ಡದು ಮಾಡಿ, ಬಳ್ಳಿ ಎಡಕ್ಕೆ ಹಾಕಿ, ಅತ್ತಿಗೆಗೆ ತೋರಿಸಿ ಹೇಳ್ತೀನಿ, ಮೊದಲಿನದ್ದೇ ಇರಲಿ. ಕೂತು ಲೆಕ್ಕ ಹಾಕಿದೆವು. ಒಂದು ಕಾರ್ಡಿಗೆ ಬರೆಯುವುದು ಎರಡೂವರೆ ತಾಸು. ಮಾತು, ತಿದ್ದುಪಡಿ, ಸ್ಕ್ಯಾನು, ಮತ್ತೆ ಮಾತು, ಇದಕ್ಕೆಲ್ಲ ನಾಲ್ಕು ತಾಸು. 500 ರೂಪಾಯಿಯನ್ನು ಆರೂವರೆ ತಾಸಿಗೆ ಹಂಚಿದರೆ ತಾಸಿಗೆ 77. ಆ ತಿಂಗಳ 5,500ರಲ್ಲಿ ಮರುಮುದ್ರಣದ 4,200 ಕಳೆದರೆ ಉಳಿದದ್ದು 1,300. ಕಾಗದ, ಇಂಕು ಅದರಲ್ಲೇ.

"ಮಾಮಾ, ಬರಿಯೂದಕ್ಕಷ್ಟ ರೊಕ್ಕಾ ತಗೊಂಡೀನಿ. ಉಳಿದಿದ್ದೆಲ್ಲಾ ಪುಕ್ಕಟ ಮಾಡೀನಿ," ಅಂದಳು. ಈ ಪ್ರಕರಣದ ಗಂಟು ಇರುವುದು ಆ ಮಾತಿನಲ್ಲೇ. ಅವಳು 500 ರೂಪಾಯಿಗೆ ಬೆಲೆ ಕಟ್ಟಿದ್ದು ಅಕ್ಷರಕ್ಕೆ. ಗಿರಾಕಿ ನಿಜವಾಗಿ ಕೊಳ್ಳುತ್ತಿದ್ದದ್ದು ತನ್ನ ಮನೆಯವರ ಹೆಸರು ಚೆಂದವಾಗಿ, ತಪ್ಪಿಲ್ಲದೆ ಬರಲಿ ಅನ್ನುವ ಭರವಸೆಯನ್ನು. ಆ ಭರವಸೆಗೆ ಬೇಕಾದ ಹೊತ್ತಿಗೆ ಅವಳ ರೇಟಿನಲ್ಲಿ ಜಾಗವೇ ಇರಲಿಲ್ಲ. ಜಾಗ ಇಲ್ಲದ್ದಕ್ಕೆ ಆ ಕೆಲಸ ಗಡಿಬಿಡಿಯಲ್ಲಿ ಮುಗಿಯುತ್ತಿತ್ತು. ಗಡಿಬಿಡಿಯಲ್ಲಿ ಕಾಳವ್ವ ಕಲ್ಲವ್ವ ಆದಳು.

ಬದಲಾದದ್ದು

ರೇಟು 1,500 ಮಾಡಿದಳು. ಎರಡು ತಿದ್ದುಪಡಿ ಅದರಲ್ಲೇ ಸೇರಿದೆ, ಮೂರನೆಯದಕ್ಕೆ 200. ಅರ್ಧ ದುಡ್ಡು ಮುಂಗಡ ಬಂದ ಮೇಲೆ ಪೆನ್ ಹಿಡಿಯುವುದು. ಹೆಸರುಗಳನ್ನು ಕನ್ನಡದಲ್ಲಿ, ಕಾಗದದ ಮೇಲೆ, ಮನೆಯ ಹಿರಿಯರೊಬ್ಬರ ಕೈಯಿಂದಲೇ ಬರೆಸಿ ಫೋಟೋ ಕಳಿಸಬೇಕು. ಪ್ರೂಫ್ ನೋಡಿ ಹೆಬ್ಬೆರಳು ಒತ್ತಿದರೆ ಸಾಲದು, ಪ್ರತಿ ಹೆಸರಿನ ಮುಂದೆ ಟಿಕ್ ಹಾಕಿ ಸಹಿ ಮಾಡಿದ ಪ್ರತಿ ಬೇಕು. ಸಹಿಗೆ ಮೊದಲಿನ ತಪ್ಪು ನಮ್ಮದು, ಸಹಿ ಆದ ಮೇಲೆ ಸಿಕ್ಕರೆ ಖರ್ಚು ಅವರದ್ದು. ಹಿರಿಯರಿಗೆ ಕಾಗದ ಕಳಿಸಿ ಅಂದರೆ ಬೇಸರ ಆಗಬಹುದು ಅಂತ ನಾವು ಅಂಜಿದ್ದೆವು. ಉಲ್ಟಾ ಆಯಿತು. ಅಜ್ಜಂದಿರು ಕನ್ನಡಕ ಹಾಕಿಕೊಂಡು, ಗೆರೆ ಹೊಡೆದು, ತಮ್ಮ ಕೈಯಲ್ಲೇ ನಾಲ್ಕು ತಲೆಮಾರಿನ ಹೆಸರು ಬರೆದು ಕಳಿಸತೊಡಗಿದರು. ಅಂಥ ಕಾಗದಗಳನ್ನು ಹುಡುಗಿ ಒಂದೂ ಎಸೆದಿಲ್ಲ, ಫೈಲ್ ಮಾಡಿಟ್ಟಿದ್ದಾಳೆ.

ಅಚ್ಚಿನ ಕಡೆಯಿಂದ ನಾನು ಒಂದು ಕಟ್ಟು ಹಾಕಿದೆ. ತೆಳು ಗೆರೆ ಅರ್ಧ ಮಿಲಿಮೀಟರ್‌ಗಿಂತ ತೆಳ್ಳಗೆ ಇರಬಾರದು. ಕಾಗದದ ಮೇಲೆ ಕೂದಲೆಳೆಯ ಬಳುಕು ಚೆಂದ ಕಾಣುತ್ತದೆ, ಆದರೆ ನಮ್ಮ ಬಂಗಾರದ ಫಾಯಿಲ್‌ನಲ್ಲಿ, ಸ್ಕ್ರೀನ್ ಪ್ರಿಂಟ್‌ನಲ್ಲಿ ಅದು ತುಂಡಾಗುತ್ತದೆ. ಬರೆದದ್ದನ್ನು 600 ಡಿಪಿಐಗೆ, ಅಂದರೆ ಇಂಚಿಗೆ 600 ಚುಕ್ಕೆಯಂತೆ ಸ್ಕ್ಯಾನ್ ಮಾಡಿ, ಪುಕ್ಕಟೆ ಸಿಗುವ ಇಂಕ್‌ಸ್ಕೇಪ್ ಸಾಫ್ಟ್‌ವೇರ್‌ನಲ್ಲಿ ಎಷ್ಟು ದೊಡ್ಡದು ಮಾಡಿದರೂ ಒಡೆಯದ ಗೆರೆಯಾಗಿ ಬದಲಿಸಿ ಕೊಡುತ್ತಾಳೆ. ಹಾಗೆ ಮಾಡಿದರೆ ಕಾರ್ಡಿಗೂ ಅದೇ, ಮಂಟಪದ ಹಿಂದಿನ ದೊಡ್ಡ ಬ್ಯಾನರಿಗೂ ಅದೇ.

ರೇಟು ಏರಿಸಿದ ಮೇಲಿನ ಮೊದಲ ಸೀಸನ್‌ನಲ್ಲಿ ತಿಂಗಳಿಗೆ 11 ಇದ್ದ ಆರ್ಡರ್ 5ಕ್ಕೆ ಇಳಿಯಿತು. ಅಕ್ಕ ಗಾಬರಿಯಾದಳು. ನಾನು ವಹಿ ತೋರಿಸಿದೆ: 7,500 ರೂಪಾಯಿ, ಒಂದಕ್ಕೆ ನಾಲ್ಕೂವರೆ ತಾಸು, ತಾಸಿಗೆ 333. ಕೆಲಸ ಕಡಿಮೆ, ದುಡ್ಡು ಜಾಸ್ತಿ, ತಪ್ಪು ಒಂದೂ ಇಲ್ಲ. ಮಾತಿನ ಹೊತ್ತು ನಾಲ್ಕರಿಂದ ಎರಡು ತಾಸಿಗೆ ಇಳಿದಿತ್ತು. ಹೆಸರು ಮೊದಲೇ ಸರಿಯಾಗಿ ಬಂದರೆ, ಮೂರನೆಯ ತಿದ್ದುಪಡಿಗೆ ದುಡ್ಡು ಅಂದರೆ, ಅರ್ಧ ಮಾತು ತಾನೇ ನಿಲ್ಲುತ್ತದೆ. ಇನ್ನು ಮೂಲ ಕೈಬರಹವನ್ನು ಮದುವೆ ಆದ ಮೇಲೆ ಫ್ರೇಮ್ ಹಾಕಿ 1,200ಕ್ಕೆ ಕೊಡುತ್ತೇವೆ ಅಂತ ಹೇಳಿದ್ದೆವು, ಐವರಲ್ಲಿ ಮೂವರು ತೆಗೆದುಕೊಂಡರು. ಹಿಂದೆ 450ಕ್ಕೂ ಹೋಗದ ಫ್ರೇಮ್! ಅದರಲ್ಲಿ ಅವರದ್ದೇ ಹೆಸರಿತ್ತು, ಅಷ್ಟೇ ವ್ಯತ್ಯಾಸ.

ನೋಂದಣಿಯ ವಿಷಯ ಎರಡೇ ಮಾತು. ಉದ್ಯಮ ನೋಂದಣಿ ಸರ್ಕಾರದ ಜಾಲತಾಣದಲ್ಲಿ ಪುಕ್ಕಟೆ, ಮಾಡಿಸಿಕೊಡುತ್ತೇನೆ ಅಂತ ದುಡ್ಡು ಕೇಳುವವರಿಗೆ ಕೊಡಬೇಡಿ. ಇವಳದ್ದು ಬರೆದುಕೊಡುವ ಸೇವೆ, ವರ್ಷದ ವಹಿವಾಟು 20 ಲಕ್ಷದ ಒಳಗಿದ್ದರೆ ಜಿಎಸ್‌ಟಿ ನೋಂದಣಿ ಬೇಕಿಲ್ಲ.

ಆಷಾಢ, ಪಿತೃಪಕ್ಷ, ಧನುರ್ಮಾಸ. ಈ ಮೂರರಲ್ಲಿ ಲಗ್ನ ಇಲ್ಲ, ಆರ್ಡರೂ ಇಲ್ಲ. ಮೊದಲ ಆಷಾಢದಲ್ಲಿ ಸುಮ್ನೆ ಕೂತಳು. ಎರಡನೆಯದರಲ್ಲಿ ಮಕ್ಕಳಿಗೆ ಸಂಜೆ ಕ್ಲಾಸ್ ಇಟ್ಟಳು. ನವೆಂಬರ್ ರಾಜ್ಯೋತ್ಸವಕ್ಕೆ ಸಂಘಗಳ ಪ್ರಶಸ್ತಿ ಪತ್ರಗಳಲ್ಲಿ ಹೆಸರು ಬರೆಯುವ ಕೆಲಸ ಬರುತ್ತದೆ, ಹೆಸರಿಗೆ 25 ರೂಪಾಯಿ. ಕಳೆದ ವರ್ಷ ಒಂದೇ ಕಡೆಯಿಂದ 120 ಹೆಸರು ಬಂದವು, 3,000 ರೂಪಾಯಿ. ನಿವೃತ್ತರಾಗುವವರಿಗೆ ಕೊಡುವ ಮಾನಪತ್ರಗಳೂ ಬರುತ್ತವೆ. ನಾಮಫಲಕದಲ್ಲಿ 60 ಶೇಕಡಾ ಕನ್ನಡ ಇರಬೇಕು ಅಂತ 2024ರಲ್ಲಿ ಕಾನೂನು ಬಂದ ಮೇಲೆ ಇಬ್ಬರು ಅಂಗಡಿಯವರೂ ಬಂದರು. ಬೋರ್ಡ್ ಕಟ್ಟುವುದು ಅವಳ ಕೆಲಸ ಅಲ್ಲ, ಅಕ್ಷರ ಮಾತ್ರ ಬರೆದುಕೊಟ್ಟಳು. ಒತ್ತಿನ ಜಾಗ ಗುರುತು ಮಾಡಲು ಪೇಂಟರ್ ಕಾಕಾ ಅವರನ್ನೇ ಕರೆದಿದ್ದಳು, ಅವರ ಪಾಲಿನ ದುಡ್ಡು ಅವರ ಕೈಗೆ ಕೊಟ್ಟಳು. ಫ್ಲೆಕ್ಸ್ ಬಂದ ಮೇಲೆ ಬೋರ್ಡಿನ ಕೆಲಸಕ್ಕೆ ಅವರನ್ನು ಕರೆಯುವವರೇ ಕಡಿಮೆ ಆಗಿದ್ದರು.

ಈಗ ಒಂದು ತೊಡಕು ಉಳಿದಿದೆ. ಲಗ್ನದ ತಿಂಗಳಲ್ಲಿ ಅವಳ ಕೈ ತಡೆಯುವುದು ಒಂಬತ್ತು ಕಾರ್ಡು, ಕೇಳುವವರು ಅದಕ್ಕಿಂತ ಜಾಸ್ತಿ. ಕ್ಲಾಸಿಗೆ ಬರುವ ಹುಡುಗಿಯರಲ್ಲಿ ಇಬ್ಬರದ್ದು ಕೈ ಚೆಂದ. ಒಬ್ಬಳು ಬೇಗ ಬರೆಯುತ್ತಾಳೆ, ನೋಡಿದವರು ಅವಳನ್ನೇ ಹೊಗಳುತ್ತಾರೆ. ಇನ್ನೊಬ್ಬಳು ನಿಧಾನ. ಆದರೆ ಪ್ರತಿ ಸಲ ಕಾಗದ ಮುಂದೆ ಇಟ್ಟುಕೊಂಡು ಮೊದಲು ಪೆನ್ಸಿಲ್‌ನಲ್ಲಿ ಒತ್ತಿನ ಚುಕ್ಕೆ ಇಡುತ್ತಾಳೆ, ಹೆಸರನ್ನು ಒಂದು ಸಲ ಜೋರಾಗಿ ಓದಿ ಆಮೇಲೆ ಬರೆಯುತ್ತಾಳೆ. ಬರುವ ಮಾಘದಿಂದ ಆ ಎರಡನೆಯವಳಿಗೆ ಕಾರ್ಡಿಗೆ 500 ಕೊಟ್ಟು ಜೊತೆಗೆ ಇಟ್ಟುಕೊಳ್ಳುವುದು ಅಂತ ಮಾತಾಗಿದೆ.